ಇಂಟರ್ನ್‌ಶಿಪ್‌ಗೆ ಹೋಗುವ ಮುನ್ನ: ಸಮನ್ವಯ ತರಗತಿಯಲ್ಲಿ ಕಂಡದ್ದನ್ನು ಬರೆಯುವುದು ಹೇಗೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಹೆಸರಿಸಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ನ್ಯೂನತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ, ಆಯ್ಕೆ ಅವರದ್ದು. ಶಿಕ್ಷಕ ತರಬೇತಿಯ ಪರೀಕ್ಷೆಗೆ ಇಷ್ಟು ಬೇಕೇ ಬೇಕು. ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಯ ಶಾಲೆಯ ಸಮನ್ವಯ ತರಗತಿಯಲ್ಲಿ, ಅಂದರೆ ನ್ಯೂನತೆ ಇರುವ ಮಕ್ಕಳೂ ಉಳಿದವರೊಡನೆ ಕೂತು ಕಲಿಯುವಲ್ಲಿ, ಮಕ್ಕಳ ಮುಂದೆ ನಿಂತಾಗ ಬೇಕಾಗುವುದು ಇನ್ನೊಂದು: ಮಗು ಏನು ಮಾಡಿತೋ ಅದನ್ನಷ್ಟೇ ಬರೆದುಕೊಳ್ಳುವ ಅಭ್ಯಾಸ.

‘ಗಮನ ಕೊಡುವುದಿಲ್ಲ, ಮಂದ’ ಎಂದು ಬರೆದರೆ ನಾಳೆಯ ಪಾಠಕ್ಕೆ ಅದರಿಂದ ಏನೂ ಸಿಗದು. ‘10 ನಿಮಿಷದಲ್ಲಿ 4 ಸಲ ಎದ್ದ, ನಾಲ್ಕೂ ಸಲ ಬೋರ್ಡ್ ನೋಡಿ ಬರೆಯುವಾಗಲೇ’ ಎಂದು ಬರೆದರೆ ಮುಂದಿನ ಹೆಜ್ಜೆ ತಾನೇ ಕಾಣುತ್ತದೆ. ಮೊದಲ ಸಾಲಿಗೆ ಕರೆದು ಕೂರಿಸಿ, ಕಣ್ಣಿನ ತಪಾಸಣೆ ಆಗಿದೆಯೇ ಕೇಳಿ. ನ್ಯೂನತೆ ಇದೆ ಎಂದು ನಿರ್ಧರಿಸುವ ಅಧಿಕಾರ ನಮಗಿಲ್ಲ. ಅನುಮಾನ ಬಂದರೆ ಬರೆದಿಟ್ಟ ಹಾಳೆಯ ಸಮೇತ ಮುಖ್ಯ ಶಿಕ್ಷಕರ ಮೂಲಕ ತಾಲ್ಲೂಕಿನ ಬಿಐಇಆರ್‌ಟಿ ಶಿಕ್ಷಕರಿಗೆ (ಸಮನ್ವಯ ಶಿಕ್ಷಣಕ್ಕೆಂದೇ ಇರುವ ಸಂಪನ್ಮೂಲ ಶಿಕ್ಷಕರು) ತಿಳಿಸಬೇಕು.

ಮನೆಮಾತಿನ ತೊಡಕೋ, ಕಲಿಕಾ ನ್ಯೂನತೆಯೋ

ನಮ್ಮ ಭಾಗದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿಯೇ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಬೀದರ್ ಕಡೆ ಮರಾಠಿ, ಉರ್ದು. ಯಾದಗಿರಿಯ ಗಡಿಯಲ್ಲಿ ತೆಲುಗು. ಕನ್ನಡ ಓದಲು ತಡವರಿಸಿದ ಮಾತ್ರಕ್ಕೆ ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕಾ ನ್ಯೂನತೆ) ಎನ್ನಲಾಗದು. ಮನೆಮಾತು ಕನ್ನಡವೇ ಆದರೂ ಅದು ನಮ್ಮ ಕನ್ನಡ, ಪುಸ್ತಕದ್ದಲ್ಲ. ‘ಶಾಲೆ’ ಎಂದು ಹೇಳಿ ಬರೆಸಿದರೆ ‘ಸಾಲಿ’ ಎಂದೂ ‘ಮನೆ’ಗೆ ‘ಮನಿ’ ಎಂದೂ ಬರೆಯುವ ಮಗು ತಾನು ಆಡುವ ಮಾತನ್ನು ಸರಿಯಾಗಿಯೇ ಅಕ್ಷರಕ್ಕಿಳಿಸಿದೆ. ‘ಭ’ ಬರೆಯುವಲ್ಲಿ ‘ಬ’ ಬರೆದರೂ ಹಾಗೆಯೇ.

ಇಂಥ ತಪ್ಪಿಗೆ ಒಂದು ಕ್ರಮ ಇರುತ್ತದೆ, ಪ್ರತಿ ಸಲವೂ ಒಂದೇ ರೀತಿ. ಅದೇ ಪುಟದಲ್ಲಿ ‘ಪುಸ್ತಕ’ ಒಮ್ಮೆ ‘ಪುತಕ’, ಒಮ್ಮೆ ‘ಪುಕಸ್ತ’, ಮತ್ತೊಮ್ಮೆ ‘ಪಸ್ತುಕ’ ಆಗಿದ್ದರೆ, ಎರಡು ತಿಂಗಳು ಒತ್ತಕ್ಷರ ಕಲಿಸಿದ ಮೇಲೂ ಹಾಗೇ ಉಳಿದರೆ, ಆಗ ಗಮನಿಸಬೇಕು. ಇದೂ ಸುಳಿವು ಮಾತ್ರ, ತೀರ್ಪಲ್ಲ.

ಕನ್ನಡ ಪುಸ್ತಕ ಮುಚ್ಚಿಟ್ಟು ಮನೆಮಾತಿನಲ್ಲಿಯೇ ಮೂರು ಕೆಲಸ ಕೊಟ್ಟು ನೋಡಿ. ರೊಟ್ಟಿ ಹೇಗೆ ಬಡಿಯುತ್ತಾರೆ ಎಂದು ಮೊದಲಿನಿಂದ ಕೊನೆಯವರೆಗೆ ಹೇಳಿಸಿ. ‘ಚೀಲ ತೆಗೆದು ಬಾಗಿಲ ಹತ್ತಿರ ಇಡು’ ಎಂಬಂಥ ಎರಡು ಹಂತದ ಸೂಚನೆ ಕೊಡಿ. 20 ತೊಗರಿ ಕಾಳಿನಲ್ಲಿ 7 ತೆಗೆದರೆ ಎಷ್ಟು ಉಳಿಯುತ್ತವೆ ಎಂದು ಕೇಳಿ. ಆ ಭಾಷೆ ನಿಮಗೆ ಬಾರದಿದ್ದರೆ ತಾಯಿಯನ್ನೋ ಅಕ್ಕನನ್ನೋ ಕೂರಿಸಿಕೊಳ್ಳಿ; ಇಡೀ ತರಗತಿಯ ಎದುರು ಬೇಡ. ಮೂರೂ ಸಲೀಸಾಗಿ ಆದರೆ ಆ ಮಗುವಿಗೆ ಮೊದಲು ಬೇಕಿರುವುದು ಕನ್ನಡದ ಮಾತು, ಓದು ಆಮೇಲೆ. ಮನೆಮಾತಿನಲ್ಲೂ ತಡವರಿಸಿದರೆ ತಡಮಾಡದೆ ತಿಳಿಸಿ. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ 8 ವರ್ಷ ತುಂಬಿರಬೇಕು ಎಂದು 2018ರ ಮಾರ್ಗಸೂಚಿ ಹೇಳಿತ್ತು. ಕಲಿಸುವುದಕ್ಕೆ ಅದರ ದಾರಿ ಕಾಯಬೇಕಿಲ್ಲ.

ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವುದು

ಬೌದ್ಧಿಕ ನ್ಯೂನತೆಯ ಮಗುವಿಗೆ ಕೆಲಸವನ್ನು ಬಿಡಿಸಿ ಕಲಿಸಬೇಕು ಎಂದು ಎಲ್ಲರೂ ಬರೆಯುತ್ತೇವೆ. ಬಿಡಿಸಿ ನೋಡಿದರೆ ಕೈ ತೊಳೆಯುವುದೇ ಒಂಬತ್ತು ಹಂತ: ನಳದ ಹತ್ತಿರ ಹೋಗುವುದು, ನಳ ತಿರುವುವುದು, ಕೈ ಒದ್ದೆ ಮಾಡುವುದು, ಸೋಪು ಹಚ್ಚುವುದು, ಅಂಗೈ ತಿಕ್ಕುವುದು, ಕೈಯ ಹಿಂಬದಿ ತಿಕ್ಕುವುದು, ನೊರೆ ಹೋಗುವಂತೆ ತೊಳೆಯುವುದು, ನಳ ಬಂದ್ ಮಾಡುವುದು, ಒರೆಸಿಕೊಳ್ಳುವುದು.

ಮೂರು ದಿನ ಏನೂ ಕಲಿಸದೆ ಬರೀ ನೋಡಿ. ಪ್ರತಿ ಹಂತದ ಎದುರು ಒಂದು ಗುರುತು ಹಾಕಿ: ತಾನೇ ಮಾಡಿದರೆ ‘ತಾ’, ಸನ್ನೆ ಬೇಕಾದರೆ ‘ಸ’, ಹೇಳಬೇಕಾದರೆ ‘ಹೇ’, ಕೈ ಹಿಡಿಯಬೇಕಾದರೆ ‘ಕೈ’. ‘ಕೈ ತೊಳೆಯಲು ಬರುವುದಿಲ್ಲ’ ಎಂದುಕೊಂಡಿದ್ದ ಮಗುವಿನ ಹಾಳೆಯಲ್ಲಿ ನಾಲ್ಕು ‘ತಾ’ ಕಂಡರೆ ಕಲಿಸಬೇಕಾದ್ದು ಐದೇ ಹಂತ.

ಕಲಿಸುವಾಗ ಕೊನೆಯಿಂದ ಶುರುಮಾಡಿ. ಎಂಟು ಹಂತಕ್ಕೂ ಎಷ್ಟು ಬೇಕೋ ಅಷ್ಟು ನೆರವು ಕೊಟ್ಟು ಒರೆಸಿಕೊಳ್ಳುವುದನ್ನು ಮಗುವಿಗೇ ಬಿಡಿ. ಅದು ಕೈಗೆ ಹತ್ತಿದ ಮೇಲೆ ನಳ ಬಂದ್ ಮಾಡುವುದನ್ನೂ ಬಿಡಿ. ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿನದಾಗುತ್ತದೆ. ಕೆಡುವುದು ಎರಡು ಕಡೆ. ಊಟದ ಸಾಲು ಬೆಳೆಯಿತೆಂದು ಅವಸರಕ್ಕೆ ನಾವೇ ನಳ ಬಂದ್ ಮಾಡಿಬಿಡುತ್ತೇವೆ. ಇನ್ನೊಂದು, ‘ತೊಳಿ, ತೊಳಿ, ಸೋಪ್ ಹಚ್ಚು’ ಎನ್ನುತ್ತಾ ಬಾಯಿ ಮುಚ್ಚುವುದೇ ಇಲ್ಲ. ಆಮೇಲೆ ನಾವು ಹೇಳದೆ ಮಗು ಕೈ ಎತ್ತುವುದಿಲ್ಲ. ಮಾತಿನ ನೆರವನ್ನು ಬಿಡಿಸುವುದು ಕಷ್ಟ. ಬೆರಳು ತೋರಿಸಿ, ಐದು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲಿ.

ಶ್ರವಣ ಸಾಧನ ಹಾಕಿದ ಮಗು

ಸಾಧನದ ಮೂಲಕ ಮಾತಿನ ಧ್ವನಿಗಳು ಕೇಳುತ್ತಿವೆಯೇ ಎಂದು ತಿಳಿಯಲು ದಿನಾ ಬೆಳಿಗ್ಗೆ ಒಂದು ನಿಮಿಷದ ಲಿಂಗ್ ಪರೀಕ್ಷೆ ಮಾಡಿ. ಧ್ವನಿಗಳು ಆರು: ಆ, ಈ, ಊ, ಮ್, ಶ್, ಸ್. ಒಂದು ಮೀಟರ್ ದೂರದಲ್ಲಿ ಮಗುವಿನ ಪಕ್ಕಕ್ಕೆ ನಿಂತು, ತುಟಿ ಕಾಣದಂತೆ, ಸಹಜ ದನಿಯಲ್ಲಿ ಹೇಳಿ. ಕೇಳಿಸಿದಾಗಲೆಲ್ಲ ಮಗು ಬಟ್ಟಲಿಗೆ ಒಂದು ಕಾಳು ಹಾಕಲಿ. ಅಂಗೈಯಿಂದ ಬಾಯಿ ಮುಚ್ಚಿಕೊಂಡರೆ ‘ಸ್’ ಅಲ್ಲಿಯೇ ಉಳಿದುಬಿಡುತ್ತದೆ. ಒಂದೇ ಲಯದಲ್ಲಿ ಹೇಳಿದರೆ ಮಗು ಅಂದಾಜಿನ ಮೇಲೆ ಕಾಳು ಹಾಕುತ್ತದೆ. ಆದ್ದರಿಂದ ಕ್ರಮ ಬದಲಿಸಿ, ನಡುವೆ ಸುಮ್ಮನೂ ಇರಿ.

ನಿನ್ನೆ ಆರೂ ಕೇಳಿ ಇವತ್ತು ಕೇಳದಿದ್ದರೆ ಮೊದಲು ಯಂತ್ರ ನೋಡಿ: ಬ್ಯಾಟರಿ, ಕಿವಿಯಚ್ಚಿನಲ್ಲಿ ಕೂತ ಗುಗ್ಗೆ, ಕೊಳವೆಯೊಳಗಿನ ತೇವ. ಇಲ್ಲಿನ ಬೇಸಿಗೆಯಲ್ಲಿ ಬೆವರು ಕೊಳವೆಗೆ ಇಳಿಯುವುದು ಸಾಮಾನ್ಯ. ಜಿಂಕ್-ಏರ್ ಬ್ಯಾಟರಿಯಾದರೆ ಚೀಟಿ ಕಿತ್ತ ಮೇಲೆ ಒಂದು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು. ಪಾಠ ಮಾಡುವಾಗ ಬೋರ್ಡ್ ಕಡೆ ಮುಖ ಮಾಡಿ ಮಾತಾಡಬೇಡಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಓದಲಾಗದು. ಮಂದದೃಷ್ಟಿಯ ಮಗುವಿಗೂ ಆ ಕಿಟಕಿಯ ಬೆಳಕೇ ತೊಂದರೆ. ಬೆಳಕು ಅದರ ಬೆನ್ನ ಹಿಂದಿನಿಂದ ಬರಲಿ.

ವೈಯಕ್ತಿಕ ಶಿಕ್ಷಣ ಯೋಜನೆ

‘ಓದುವುದನ್ನು ಸುಧಾರಿಸುವುದು’ ಗುರಿಯಲ್ಲ, ಹಾರೈಕೆ. ‘ಸಜಾತಿ ಒತ್ತಕ್ಷರವಿರುವ 10 ಪದಗಳ ಕಾರ್ಡ್ ಕೊಟ್ಟಾಗ 8 ಪದ ಸರಿಯಾಗಿ ಓದುತ್ತಾಳೆ, ಸತತ ಮೂರು ದಿನ’ ಎಂಬುದು ಗುರಿ. ಯಾವ ಸಾಮಗ್ರಿ, ಏನು ಮಾಡಬೇಕು, ಎಷ್ಟು ಸರಿಯಾದರೆ ಸಾಕು, ಎಷ್ಟು ದಿನ, ನಾಲ್ಕೂ ಅದರಲ್ಲಿವೆ. ಆರು ವಾರಕ್ಕೆ ಮೂರು ಗುರಿ ಸಾಕು.

ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬದ ಮಗುವಾದರೆ ಯೋಜನೆ ಒಂದೇ ಪುಟದಲ್ಲಿರಲಿ. ಮೇಲಿನ ಸಾಲಿನಲ್ಲಿ ಮಗುವಿಗೆ ಬರುವುದನ್ನು ಬರೆಯಿರಿ, ಕೆಳಗೆ ಈಗ ನಡೆದಿರುವ ಹಂತ, ಬಳಸುತ್ತಿರುವ ಸಾಧನ, ಬ್ಯಾಟರಿಯ ನಂಬರ್, ದಿನಾಂಕ. ಒಂದು ಪ್ರತಿ ಶಾಲೆಯ ಕಡತದಲ್ಲಿ ಇರಲಿ. ಇನ್ನೊಂದನ್ನು ಯುಡಿಐಡಿ ಕಾರ್ಡಿನ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಿ, ಅದರಲ್ಲಿ ಏನಿದೆ ಎಂದು ಅವರ ಮಾತಿನಲ್ಲಿ ಓದಿ ಹೇಳಿ.