ಆರು ಉಳಿಗಳ ಸೆಟ್ ಬೇಡ, ಒಂದೂವರೆ ಇಂಚಿನದು ಒಂದು ತನ್ನಿ

ನನ್ನ ಹತ್ತಿರ ಕೆಲಸ ಕಲಿಯೋಕೆ ಬರುವವರ ಚೀಲದಲ್ಲಿ ಹೆಚ್ಚಾಗಿ ಒಂದು ಹೊಸ ಉಳಿ ಸೆಟ್ ಇರುತ್ತದೆ. ಕಾಲಿಂಚಿನಿಂದ ಒಂದಿಂಚಿನವರೆಗೆ ಆರು ಉಳಿ, ಬಣ್ಣದ ಪ್ಲಾಸ್ಟಿಕ್ ಹಿಡಿ. ಬಾಗಿಲಿಗೆ ಬೀಗ ಕೂರಿಸೋಕೆ ಅವು ಸಾಕು. ಕಂಬ, ತೊಲೆ, ಪಕ್ಕಾಸು ಜೋಡಿಸಿ ಚೌಕಟ್ಟು ನಿಲ್ಲಿಸೋಕೆ ಸಾಲದು. ನಾನೂ ಮೊದಲು ಅಂಥದ್ದೇ ತಂದವನು. ಹಳೇ ತೊಟ್ಟಿಮನೆಯೊಂದರ ಕಂಬ ಬದಲಿಸುವಾಗ ಮತ್ತಿ ಮರದಲ್ಲಿ ಎರಡನೇ ತೂತು ಮುಗಿಯೋದರೊಳಗೆ ಒಂದರ ಹಿಡಿ ಸೀಳಿತು, ಇನ್ನೊಂದರ ಬಾಯಿ, ಅಂದರೆ ಕೊಯ್ಯುವ ಅಂಚು, ಮಡಚಿಕೊಂಡಿತು. ಮೇಸ್ತ್ರಿ ಬೈಯಲಿಲ್ಲ. ತಮ್ಮ ಉಳಿಯನ್ನು ಕೈಗಿಟ್ಟು ಕಾಫಿಗೆ ಹೋದರು.

ಅದು ಒಂದೂವರೆ ಇಂಚು ಅಗಲದ ಉಳಿ. ಇವತ್ತಿಗೂ ಹೊಸಬರಿಗೆ ನಾನು ಹೇಳೋದು ಅದನ್ನೇ. ಒಂದು ಮರದಲ್ಲಿ ಚೌಕ ತೂತು, ಇನ್ನೊಂದರ ತುದಿಯಲ್ಲಿ ಅದಕ್ಕೆ ಕೂರುವ ನಾಲಿಗೆ. ಚೌಕಟ್ಟಿನ ಜೋಡಣೆ ಅಂದರೆ ಮುಖ್ಯವಾಗಿ ಇಷ್ಟೇ ಅಲ್ವಾ? ಆರಿಂಚಿನ ಕಂಬಕ್ಕೆ ತೂತಿನ ಅಗಲ ಒಂದೂವರೆ ಇಂಚು ಅಥವಾ 2 ಇಂಚು ಸಾಕು. ಅಮೆರಿಕದ ಬಡಗಿಗಳ ದೊಡ್ಡ ಉಕ್ಕಿನ ಮೂಲೆಮಟ್ಟ ನೋಡಿ. ಉದ್ದನೆ ತೋಳು 24 ಇಂಚು, ಅದರ ಅಗಲ 2 ಇಂಚು. ಗಿಡ್ಡ ತೋಳು 16 ಇಂಚು, ಅಗಲ ಒಂದೂವರೆ. ಮರದ ಮೇಲಿಟ್ಟು ಎರಡೂ ಅಂಚಿಗೆ ಗೆರೆ ಎಳೆದರೆ ತೂತಿನ ಅಗಲ ಬಂದೇ ಬಿಟ್ಟಿತು, ಟೇಪ್ ಬೇಡ. ಉಳಿ, ತೂತು ಕೊರೆಯುವ ಬೈರಿಗೆ, ಮೂಲೆಮಟ್ಟ ಮೂರೂ ಒಂದೇ ಅಳತೆಯಲ್ಲಿದ್ದರೆ ಅರ್ಧ ತಪ್ಪು ಅಲ್ಲೇ ತಪ್ಪುತ್ತದೆ. ದುಡ್ಡಿದ್ದರೆ 2 ಇಂಚಿನದೂ ಒಂದಿರಲಿ, ತೂತಿನ ಪಕ್ಕದ ಗೋಡೆ ಸವರೋಕೆ ಅದು ಆರಾಮ.

ಕೊಳ್ಳುವಾಗ ಉದ್ದ ನೋಡಿ. ಅಲಗು ಏಳೆಂಟು ಇಂಚು ಇರಬೇಕು. ನಾಲ್ಕಿಂಚು ಆಳದ ತೂತಿನ ಗೋಡೆ ನೆಟ್ಟಗಿದೆಯೋ ಇಲ್ಲವೋ ಅಂತ ಹೇಳೋದು ಅಲಗಿನ ಆ ಉದ್ದನೆ ಚಪ್ಪಟೆ ಬೆನ್ನೇ. ಬೆನ್ನನ್ನು ಬೆಳಕಿಗೆ ಹಿಡಿದು ನೋಡಿ, ಡೊಂಕು ಇದ್ದರೆ ವಾಪಸ್ ಇಡಿ. ಹಿಡಿ ಮರದ್ದಿರಲಿ, ತಲೆಗೆ ಕಬ್ಬಿಣದ ಬಳೆ ಇರಲಿ. ಹೊಡೆಯೋಕೆ ಸುತ್ತಿಗೆ ಬೇಡ, ಹುಣಸೆ ಮರದ ಕೊಡತಿ ಸಾಕು.

ಜಪಾನಿನ ಉಳಿ ತರಲಾ ಅಂತ ಜಾಸ್ತಿ ಜನ ಕೇಳುತ್ತಾರೆ. ತುಂಬಾ ಒಳ್ಳೆಯ ಉಳಿ. ಗಟ್ಟಿ ಉಕ್ಕಿನ ತೆಳು ಪದರವನ್ನು ಮೆತ್ತನೆ ಕಬ್ಬಿಣಕ್ಕೆ ಬೆಸೆದು ಮಾಡಿರುತ್ತಾರೆ. ಆದರೆ ಅಲ್ಲಿ ಚೌಕಟ್ಟಿಗೆ ಹೆಚ್ಚಾಗಿ ಬಳಸೋದು ದೇವದಾರು ಜಾತಿಯ ಮೆತ್ತನೆ ಮರ. ನಮ್ಮ ಮತ್ತಿ, ಹೊನ್ನೆಗೆ ಹಾಗೇ ಹೊಡೆದರೆ ಬಾಯಿ ಚೂರು ಚೂರಾಗಿ ಹಾರುತ್ತದೆ. ಯಾವ ಉಳಿಯಾದರೂ ನಮ್ಮ ಗಟ್ಟಿ ಮರಕ್ಕೆ ಬಾಯಿಯ ಓರೆ 30ರಿಂದ 35 ಡಿಗ್ರಿ ಇರಲಿ. ಹಲಸಿಗೆ ಸ್ವಲ್ಪ ಕಮ್ಮಿಯಾದರೂ ನಡೆಯುತ್ತದೆ. ಊರಿನ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿಕೊಡುವ ಉಳಿ ನನಗಂತೂ ಇಷ್ಟ. ಕಾಯಿಸಿ ತಣಿಸಿ ಕೊಡುವ ಹದ ಸರಿ ಬಿದ್ದರೆ ಅಂಗಡಿ ಮಾಲಿಗಿಂತ ವಾಸಿ.

ಹೊಸಬರು ಉಳಿ ಕೆಡಿಸೋದು ಮರದಲ್ಲಲ್ಲ, ಗ್ರೈಂಡರ್‌ನಲ್ಲಿ. ಬಾಯಿ ಒತ್ತಿ ಹಿಡಿದಾಗ ತುದಿಯಲ್ಲಿ ಮೊದಲು ಒಣಹುಲ್ಲಿನ ಹಳದಿ ಬಣ್ಣ, ಆಮೇಲೆ ಕಂದು, ಕೊನೆಗೆ ನೀಲಿ ಬರುತ್ತದೆ. ನೀಲಿ ಬಂತು ಅಂದರೆ ಆ ಜಾಗದ ಹದ ಹೋಯಿತು. ನೀಲಿ ಇರುವಷ್ಟನ್ನೂ ಮೆಲ್ಲಗೆ ತಣ್ಣಗೆ ಉಜ್ಜಿ ತೆಗೆಯಬೇಕು, ಬೇರೆ ದಾರಿ ಇಲ್ಲ. ಪಕ್ಕದಲ್ಲಿ ನೀರಿನ ಡಬ್ಬ ಇಟ್ಟುಕೊಳ್ಳಿ, ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದಿ. ಆಮೇಲೆ 1000 ನಂಬರಿನ ಸಾಣೆಕಲ್ಲು, ಕೊನೆಗೆ 6000. ಮೆತ್ತನೆ ಮರದ ತುದಿಯನ್ನು ನಾರಿಗೆ ಅಡ್ಡವಾಗಿ ಸವರಿದಾಗ ಪುಡಿ ಉದುರದೆ ಹೊಳೆಯುವ ಹೊಟ್ಟು ಸುರುಳಿಯಾಗಿ ಎದ್ದರೆ ಸಾಣೆ ಸರಿಯಾಗಿದೆ ಅಂತ.

ಗರಗಸದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಡ್ಡ ಕೊಯ್ಯೋಕೆ ಇಂಚಿಗೆ ಏಳೆಂಟು ಹಲ್ಲಿನದು ಒಂದಿದ್ದರೆ ಶುರು ಮಾಡಬಹುದು.

ಗುಜರಿಯಲ್ಲಿ ಹಳೇ ದೊಡ್ಡ ಉಳಿ ಸಿಕ್ಕರೆ ಬಿಡಬೇಡಿ, ಹಿಡಿ ಮುರಿದಿದ್ದರೂ ಸರಿ, ಜಾಲಿ ಮರದ್ದು ಹಾಕಿಕೊಳ್ಳಬಹುದು. ತಿರುಗಿಸಿ ಬೆನ್ನು ಮಾತ್ರ ನೋಡಿ. ತುಕ್ಕು ತಿಂದ ಗುಂಡಿಗಳು ಹಿಡಿಯ ಕಡೆ ಇದ್ದರೆ ಪರವಾಗಿಲ್ಲ. ಬಾಯಿಯ ಹತ್ತಿರ ಇದ್ದರೆ, ಎಷ್ಟೇ ಅಗ್ಗವಾದರೂ ಅಲ್ಲೇ ಬಿಟ್ಟು ಬನ್ನಿ.