ಸಿಂಗ್ಲಿಷ್ ಮೇಲೆ ಸಿಂಗಾಪುರ ಸರ್ಕಾರಕ್ಕೆ ಯಾಕಿಷ್ಟು ಸಿಟ್ಟು?

1999ರ ಆಗಸ್ಟ್‌ನಲ್ಲಿ ಸಿಂಗಾಪುರದ ಆಗಿನ ಪ್ರಧಾನಿ ಗೋ ಚೋಕ್ ಟಾಂಗ್ ರಾಷ್ಟ್ರೀಯ ದಿನದ ಭಾಷಣದಲ್ಲಿ ಒಬ್ಬ ಕಂಟ್ರಾಕ್ಟರನ ಇಂಗ್ಲಿಷ್ ಬಗ್ಗೆ ಬೇಸರ ತೋಡಿಕೊಂಡರು. ಅವನು ನಿಜವಾದ ಮನುಷ್ಯನಲ್ಲ. ಫುವಾ ಚು ಕಾಂಗ್ ಎಂಬ ಟೀವಿ ಹಾಸ್ಯ ಧಾರಾವಾಹಿಯ ಪಾತ್ರ. ಕಾಲಿಗೆ ಹಳದಿ ಬೂಟು, ಬಾಯ್ತುಂಬ ಸಿಂಗ್ಲಿಷ್, ಅಂದರೆ ಚೀನೀ ಆಡುಮಾತು, ಮಲಯ, ತಮಿಳು ಬೆರೆತ ಸಿಂಗಾಪುರದ ಇಂಗ್ಲಿಷ್. ಮಕ್ಕಳು ಅವನ ಹಾಗೇ ಮಾತಾಡುತ್ತಾರೆ, ಮೊದಲು ಅವನನ್ನು ಇಂಗ್ಲಿಷ್ ಕ್ಲಾಸಿಗೆ ಕಳಿಸಿ ಎಂಬುದು ಪ್ರಧಾನಿಯ ಒತ್ತಾಯ. ಮರುವರ್ಷ ಏಪ್ರಿಲ್‌ನಲ್ಲಿ 'ಸ್ಪೀಕ್ ಗುಡ್ ಇಂಗ್ಲಿಷ್' ಚಳವಳಿ ಶುರುವಾಯಿತು.

ತಮಾಷೆ ಎಂದರೆ, ಸಿಂಗ್ಲಿಷ್ ಮನೆಮನೆಗೆ ಹಬ್ಬಲು ದಾರಿ ಮಾಡಿಕೊಟ್ಟಿದ್ದೂ ಇದೇ ಸರ್ಕಾರ.

1965ರಲ್ಲಿ ದೇಶ ಸ್ವತಂತ್ರವಾದಾಗ ಜನರಲ್ಲಿ ಮುಕ್ಕಾಲು ಪಾಲು ಚೀನೀ ಮೂಲದವರು. ಆದರೆ ಅವರ ಮನೆಮಾತು ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್ ಅಲ್ಲ. ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟೊನೀಸ್. ಶಾಲೆಗಳಲ್ಲಿ ಇಂಗ್ಲಿಷ್ ಜೊತೆ 'ಮಾತೃಭಾಷೆ'ಯೂ ಕಡ್ಡಾಯವಾಯಿತು. ಅದು ಯಾವುದೆಂದು ತೀರ್ಮಾನಿಸಿದ್ದು ಅಮ್ಮ ಆಡುವ ಮಾತಲ್ಲ, ದಾಖಲೆಯಲ್ಲಿರುವ ಜನಾಂಗ. ಚೀನೀಯರಿಗೆ ಮ್ಯಾಂಡರಿನ್, ಭಾರತೀಯರಿಗೆ ತಮಿಳು. ಮುಂದೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಸೇರಿದವು. ಕನ್ನಡ ಆ ಪಟ್ಟಿಯಲ್ಲಿಲ್ಲ. ಅಲ್ಲಿರುವ ನಮ್ಮವರ ಮಕ್ಕಳು ಸುಮ್ನೆ ಹಿಂದಿಯನ್ನೋ ತಮಿಳನ್ನೋ 'ಮಾತೃಭಾಷೆ' ಎಂದು ಓದುತ್ತಾರೆ.

1979ರಲ್ಲಿ ಆಗಿನ ಪ್ರಧಾನಿ ಲೀ ಕುವಾನ್ ಯೂ 'ಮ್ಯಾಂಡರಿನ್ ಮಾತಾಡಿ' ಅಭಿಯಾನ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಟೀವಿ, ರೇಡಿಯೋಗಳಿಂದ ಹೊಕ್ಕಿಯೆನ್, ಕ್ಯಾಂಟೊನೀಸ್ ಕಾರ್ಯಕ್ರಮಗಳು ಮಾಯವಾದವು. 1987ರ ಹೊತ್ತಿಗೆ ಎಲ್ಲ ಶಾಲೆಗಳೂ ಇಂಗ್ಲಿಷ್ ಮಾಧ್ಯಮಕ್ಕೆ ಬಂದವು. ಅಜ್ಜಿ, ಮೊಮ್ಮಕ್ಕಳು ಎದುರುಬದುರು ಕೂತರೂ ಮಾತು ಸಾಗದ ಮನೆಗಳು ಹುಟ್ಟಿಕೊಂಡವು.

ಅಜ್ಜಿಯ ಭಾಷೆ ಹೋಯಿತು, ಅದರ ಜಾಯಮಾನ ಹೋಗಲಿಲ್ಲ. ಮಾರ್ಕೆಟ್ಟು, ಮಿಲಿಟರಿ ಬ್ಯಾರಕ್ಕು, ಅಗ್ಗದ ತಿಂಡಿ ಅಂಗಡಿಗಳೆಲ್ಲ ಒಟ್ಟಿಗಿರುವ ಹಾಕರ್ ಸೆಂಟರಿನ ಊಟದ ಟೇಬಲ್ಲು, ಎಲ್ಲ ಕಡೆ ಜನ ಇಂಗ್ಲಿಷನ್ನು ತಮ್ಮ ಬಾಯಿಗೆ ಒಗ್ಗಿಸಿಕೊಂಡರು. 'ಕ್ಯಾನ್ ಆರ್ ನಾಟ್?' ಎಂದು ಕೇಳಿದರೆ 'ಕ್ಯಾನ್ ಲಾ' ಎಂಬ ಉತ್ತರ; ನಮ್ಮ 'ಆಗತ್ತಾ?' 'ಆಗತ್ತೆ' ಇದ್ದ ಹಾಗೆ. ಹೊಕ್ಕಿಯೆನ್, ಮಲಯ, ತಮಿಳಿನವರೆಲ್ಲ ಸಲೀಸಾಗಿ ಬೆರೆತದ್ದು ಈ ಮಾತಿನಲ್ಲೇ. ಅದನ್ನು ಬರೀ ತಪ್ಪು ಇಂಗ್ಲಿಷ್ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೂ ಕಟ್ಟುನಿಟ್ಟಿದೆ, ಮಾತಿನ ಕೊನೆಗೆ ಒತ್ತು ಕೊಡಲು ಬರುವ 'ಲಾ'ವನ್ನು ಹೊರಗಿನವರು ಎಲ್ಲೆಂದರಲ್ಲಿ ಸೇರಿಸಿದರೆ ಊರವರು ತಕ್ಷಣ ನಗುತ್ತಾರೆ.

ಬೈದ ಸರ್ಕಾರಕ್ಕೇ ಮತ್ತೆ ಅದು ಬೇಕಾಯಿತು. 2003ರಲ್ಲಿ ಸಾರ್ಸ್ ಬಂದಾಗ ಕೈ ತೊಳೆಯಿರಿ ಎಂದು ರ್‍ಯಾಪ್ ಹಾಡಿ ಹೇಳಿದ್ದು ಅದೇ ಫುವಾ ಚು ಕಾಂಗ್. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಳ್ಳಿ ಎಂದು ಕರೆದವನೂ ಅವನೇ.

ಹಾಗಂತ ಸರ್ಕಾರದ ಆತಂಕ ಪೂರ್ತಿ ಸುಳ್ಳೂ ಅಲ್ಲ. 2016ರಲ್ಲಿ ಕವಿ ಗ್ವೀ ಲಿ ಸುಯಿ ಸಿಂಗ್ಲಿಷ್ ಪರವಾಗಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದರು. ಪ್ರಧಾನಿಯ ಪತ್ರಿಕಾ ಕಾರ್ಯದರ್ಶಿ ಅದೇ ಪತ್ರಿಕೆಯಲ್ಲಿ ಉತ್ತರಿಸಿದರು: ಇಂಗ್ಲಿಷ್ ಸಾಹಿತ್ಯದಲ್ಲಿ ಪಿಎಚ್‌ಡಿ ಮಾಡಿದ ಇವರಿಗೇನೋ ಸರಿ, ಕಷ್ಟಪಟ್ಟು ಇಂಗ್ಲಿಷ್ ಕಲಿಯುವವರ ಗತಿಯೇನು? ವ್ಯಂಗ್ಯ ಜಾಸ್ತಿಯಾಯಿತು, ಆದರೂ ಪ್ರಶ್ನೆಯಲ್ಲಿ ಹುರುಳಿದೆ. ಎರಡೂ ಬಲ್ಲ ವಕೀಲನಿಗೆ ಸಿಂಗ್ಲಿಷ್ ಒಂದು ಶೋಕಿ. ಅದೊಂದೇ ಬಲ್ಲ ಟ್ಯಾಕ್ಸಿ ಡ್ರೈವರಿಗೆ ಆಫೀಸಿನ ಬಾಗಿಲು ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ. ಆದರೆ ಆ ಬಾಗಿಲಿಗೆ ಅಂಥ ಬೀಗ ಹಾಕಿದ್ದು ಸಿಂಗ್ಲಿಷ್ ಅಲ್ವಲ್ಲ.