ತಟ್ಟೆಯಲ್ಲಿರುವ ಕಬ್ಬಿಣ, ಮೈಗೆ ಹತ್ತುವ ಕಬ್ಬಿಣ: ರಕ್ತಹೀನತೆ ಪಾಠದ ಟಿಪ್ಪಣಿ

ಕಬ್ಬಿಣಾಂಶದ ಪಾಠ ಬಂತೆಂದರೆ ಎಲ್ಲರೂ ಕೋಷ್ಟಕ ಬಾಯಿಪಾಠಕ್ಕೆ ಕೂರುತ್ತೇವೆ. ನೂರು ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ 6ಕ್ಕಿಂತ ಸ್ವಲ್ಪ ಜಾಸ್ತಿ. ಪರೀಕ್ಷೆಗೆ ಇದು ಬೇಕು, ಸರಿ. ಆದರೆ ನಮ್ಮ ವಿಜಯಪುರದ ಕಡೆ ದಿನಾ ಜೋಳದ ರೊಟ್ಟಿ ತಿನ್ನುವ ಹೆಣ್ಣುಮಕ್ಕಳಿಗೂ ಯಾಕೆ ರಕ್ತ ಕಡಿಮೆ ಇರುತ್ತದೆ ಅಂತ ಕೇಳಿದರೆ ಕೋಷ್ಟಕ ಉತ್ತರ ಕೊಡುವುದಿಲ್ಲ. ತಿಂದದ್ದರಲ್ಲಿ ಕರುಳು ಎಷ್ಟು ಹೀರಿಕೊಳ್ಳುತ್ತದೆ ಅನ್ನುವುದನ್ನು ನೋಡಬೇಕು.

ದೊಡ್ಡವರ ಮೈಯಲ್ಲಿ ಒಟ್ಟು 3-4 ಗ್ರಾಂ ಕಬ್ಬಿಣ ಇರುತ್ತದೆ. ಅದರ ಮೂರರಲ್ಲಿ ಎರಡು ಪಾಲು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ನಲ್ಲೇ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅದು ಸತ್ತ ಮೇಲೆ ಅದರ ಕಬ್ಬಿಣವನ್ನು ಮೈ ಬಿಸಾಡುವುದಿಲ್ಲ, ಹೊಸ ಕಣಕ್ಕೆ ಮತ್ತೆ ಬಳಸುತ್ತದೆ. ಹಾಗಾಗಿ ದಿನಕ್ಕೆ ಕಳೆದುಹೋಗುವುದು 1 ಮಿಲಿಗ್ರಾಂ ಆಸುಪಾಸು ಮಾತ್ರ. ಮುಟ್ಟಾಗುವ ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿ.

ಹಾಗಿದ್ದರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಪಟ್ಟಿಯಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಅಂತ ಯಾಕಿದೆ? ಕಾಳುಕಡಿ, ಸೊಪ್ಪು, ರೊಟ್ಟಿಯಿಂದ ಬರುವ ಕಬ್ಬಿಣದಲ್ಲಿ ಬಹುಪಾಲು ಹೀರಿಕೆ ಆಗದೆ ಹೊರಗೆ ಹೋಗುತ್ತದೆ. ಮಾಂಸ, ಮೀನಿನಲ್ಲಿರುವ ಹೀಮ್ ಕಬ್ಬಿಣ ಸುಲಭವಾಗಿ ಒಳಗೆ ಹೋಗುತ್ತದೆ. ನಮ್ಮ ತಟ್ಟೆಯಲ್ಲಿ ಜಾಸ್ತಿ ಇರುವುದು ಇನ್ನೊಂದು ಬಗೆ, ಹೀಮ್ ಅಲ್ಲದ್ದು. ಜೋಳದಲ್ಲಿ, ಕಾಳಿನಲ್ಲಿ ಇರುವ ಫೈಟೇಟ್ ಎಂಬ ಅಂಶ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಕರುಳಿಗೆ ಬಿಟ್ಟುಕೊಡುವುದಿಲ್ಲ.

ಹಿಡಿತ ಸಡಿಲ ಮಾಡುವುದು ವಿಟಮಿನ್ ಸಿ. ಫೆರಿಕ್ ರೂಪದ ಕಬ್ಬಿಣವನ್ನು ಅದು ಫೆರಸ್ ರೂಪಕ್ಕೆ ತರುತ್ತದೆ. ಸಣ್ಣ ಕರುಳಿನ ಮೊದಲ ಭಾಗ ಹೀರಿಕೊಳ್ಳುವುದು ಆ ರೂಪವನ್ನೇ. ಇಂಡಿ ತಾಲ್ಲೂಕಿನ ಲಿಂಬೆ ನಮ್ಮ ಸಂತೆಯಲ್ಲೇ ಸಿಗುತ್ತದೆ, ಇನ್ನೇನು ಬೇಕು? ಮಡಿಕೆಕಾಳಿನ ಉಸುಳಿ ಮೇಲೆ, ಮೆಂತ್ಯ ಪಲ್ಯದ ಮೇಲೆ ಅರ್ಧ ಹೋಳು ಹಿಂಡಿದರೆ ಸಾಕು. ಆದರೆ ಒಲೆ ಮೇಲೆ ಕುದಿಯುವಾಗ ಹಿಂಡಬೇಡಿ, ಬಿಸಿಗೆ ವಿಟಮಿನ್ ಸಿ ಹಾಳಾಗುತ್ತದೆ. ಇಳಿಸಿದ ಮೇಲೆ, ಊಟಕ್ಕೆ ಕೂತಾಗ ಹಿಂಡಿ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಫೈಟೇಟೂ ಇಳಿಯುತ್ತದೆ.

ಇದಕ್ಕೆ ತದ್ವಿರುದ್ಧ ಕೆಲಸ ಚಾದ್ದು. ಅದರ ಟ್ಯಾನಿನ್ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಊಟದ ಜೊತೆ ಕುಡಿದರೆ ಹೀರಿಕೆ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಚಾ ಬಿಡಿ ಅಂತ ನಮ್ಮ ಕಡೆ ಹೇಳಿದರೆ ಯಾರೂ ಕೇಳುವುದಿಲ್ಲ, ಸುಮ್ನೆ ಮಾತು ದಂಡ. ಊಟಕ್ಕೂ ಚಾಕ್ಕೂ ಒಂದು ತಾಸು ಅಂತರ ಇಡಿ ಅಂತ ಹೇಳಿ, ಅದನ್ನು ಒಪ್ಪುತ್ತಾರೆ.

ಪಠ್ಯದಲ್ಲಿ ಇಲ್ಲದ, ಮನೆ ಭೇಟಿಗೆ ಹೋದಾಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಕೊನೆಗೆ ಉಣ್ಣುವವರು ಯಾರು? ಎಷ್ಟೋ ಮನೆಗಳಲ್ಲಿ ಸೊಸೆ ಉಣ್ಣಲು ಕೂರುವ ಹೊತ್ತಿಗೆ ಪಲ್ಯ, ಉಸುಳಿ ಮುಗಿದಿರುತ್ತದೆ. ಉಳಿದಿರುವುದು ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಆಮೇಲೆ ಚಾ. ಅವಳಿಗೆ ಕೋಷ್ಟಕ ಓದಿ ಹೇಳಿ ಏನು ಪ್ರಯೋಜನ? ಅತ್ತೆಯನ್ನೂ ಕೂರಿಸಿಕೊಂಡು ಮಾತಾಡುವುದೇ ಒಳ್ಳೆಯದು ಅಂತ ನನಗನಿಸುತ್ತದೆ.

ಬಣ್ಣ ನೋಡಿ ಮೋಸ ಹೋಗಬೇಡಿ. ದಾಳಿಂಬೆ ನಮ್ಮ ಜಿಲ್ಲೆಯಲ್ಲೂ ಬಾಗಲಕೋಟೆಯಲ್ಲೂ ಬೆಳೆಯುತ್ತದೆ, ತಿಂದರೆ ರಕ್ತ ಹೆಚ್ಚುತ್ತದೆ ಅಂತ ಎಲ್ಲರೂ ನಂಬುತ್ತಾರೆ. ನೂರು ಗ್ರಾಂನಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬೀಟ್‌ರೂಟಿನಲ್ಲೂ 1 ಮಿಲಿಗ್ರಾಂ ದಾಟುವುದಿಲ್ಲ. ಬೆಲ್ಲದಲ್ಲಿ ಇದೆ, ಆದರೆ ನಾವು ತಿನ್ನುವ ಚೂರಿನಲ್ಲಿ ಎಷ್ಟು ಸಿಕ್ಕೀತು?

ಅಳತೆಗಳು: ಹಿಮೋಗ್ಲೋಬಿನ್ ಡೆಸಿಲೀಟರಿಗೆ ಗಂಡಸರಲ್ಲಿ 13, ಹೆಂಗಸರಲ್ಲಿ 12, ಬಸುರಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಎಲ್ಲದಕ್ಕೂ ಕಬ್ಬಿಣವೇ ಕಾರಣ ಅಲ್ಲ. ಬಿ12, ಫೋಲೇಟ್ ಕೊರತೆ, ಜಂತುಹುಳು, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ ಥಲಸ್ಸೀಮಿಯಾ ಕೂಡ ಇರಬಹುದು. ಅದಕ್ಕೇ ಊಟ ಬದಲಿಸಿಯೇ ಸರಿಪಡಿಸುತ್ತೇನೆ ಅಂತ ಕೂರದೆ ವೈದ್ಯರಿಗೆ ತೋರಿಸಬೇಕು.

2018ರಲ್ಲಿ ಶುರುವಾದ ಅನೀಮಿಯಾ (ರಕ್ತಹೀನತೆ) ಮುಕ್ತ ಭಾರತ ಸರ್ಕಾರಿ ಯೋಜನೆಯಲ್ಲಿ ಬಸುರಿಯರಿಗೆ ಕೆಂಪು ಮಾತ್ರೆ ದಿನಕ್ಕೊಂದು, 180 ದಿನ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹೆತ್ತ ಮೇಲೂ ಇನ್ನು 180 ದಿನ. ಹರೆಯದವರಿಗೆ ನೀಲಿ ಮಾತ್ರೆ, ವಾರಕ್ಕೊಂದು. ಮಲ ಕಪ್ಪಾಯಿತು ಅಂತ ಹೆದರಿ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಮೊದಲೇ ಹೇಳಿಬಿಟ್ಟರೆ ಹೆದರುವುದಿಲ್ಲ ಅಲ್ವಾ? ಬಸುರಿಯರಿಗೆ ಕ್ಯಾಲ್ಸಿಯಂ ಮಾತ್ರೆಯೂ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಬಾರದು, ನಡುವೆ ಕನಿಷ್ಠ ಎರಡು ತಾಸು ಬೇಕು. ರಕ್ತಹೀನತೆಗೆ ಚಿಕಿತ್ಸೆ ತೆಗೆದುಕೊಳ್ಳುವವರು ಹಿಮೋಗ್ಲೋಬಿನ್ ಸರಿಹೋದ ಕೂಡಲೇ ಮಾತ್ರೆ ನಿಲ್ಲಿಸಬಾರದು. ಮೈ ಮೊದಲು ರಕ್ತಕಣಕ್ಕೆ ಕಬ್ಬಿಣ ಕೊಡುತ್ತದೆ, ಫೆರಿಟಿನ್ ರೂಪದ ದಾಸ್ತಾನು ತುಂಬುವುದು ಆಮೇಲೆ. ಅದಕ್ಕೆ ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಮುಂದುವರಿಸಲು ವೈದ್ಯರು ಹೇಳುತ್ತಾರೆ.